ದಿನಕ್ಕೆ 500 ಪದವೋ, ವರ್ಷಕ್ಕೆ ನಾಲ್ಕು ಕತೆಯೋ?

ಡಿಸೆಂಬರ್ ಕೊನೆಯಲ್ಲಿ ಹೊಸ ಡೈರಿಯ ಮೊದಲ ಪುಟಕ್ಕೆ ಬೀಳುವ ಬರವಣಿಗೆಯ ಸಂಕಲ್ಪಗಳು ಹೆಚ್ಚುಕಡಿಮೆ ಐದೇ ಬಗೆ: ದಿನಕ್ಕೆ ಇಷ್ಟು ಪದ, ದಿನಕ್ಕೆ ಇಷ್ಟು ಹೊತ್ತು, ವರ್ಷಕ್ಕೆ ಇಷ್ಟು ಕತೆ, ಪತ್ರಿಕೆಗಳಿಗೆ ಇಷ್ಟು ಸಲ ಕಳಿಸುವುದು, ಇಂಥ ಸ್ಪರ್ಧೆಗೆ ಬರೆಯುವುದು. 'ಚೆನ್ನಾಗಿ ಬರೆಯುವುದು' ಎಂಬ ಆರನೆಯದೂ ಇದೆ. ವರ್ಷದ ಕೊನೆಗೆ ಅದನ್ನು ಅಳೆಯುವ ದಾರಿ ಯಾರಿಗೂ ಸಿಕ್ಕಿಲ್ಲವಾದ್ದರಿಂದ ಅದನ್ನು ಬದಿಗಿಡೋಣ. ಉಳಿದ ಐದನ್ನೂ ಬಳಸಿ ನೋಡಿದ ಮೇಲಿನ ಹೋಲಿಕೆ ಇದು. ಲೆಕ್ಕವೆಲ್ಲ ಕೆಲಸ, ಮನೆ ಎರಡನ್ನೂ ನಿಭಾಯಿಸುತ್ತ ಕನ್ನಡದಲ್ಲಿ ಸಣ್ಣಕತೆ ಬರೆಯುವವರದು.

ಪದಗಳ ಲೆಕ್ಕ

ಎಲ್ಲಕ್ಕಿಂತ ಜನಪ್ರಿಯ ಗುರಿ ಇದು, ಎಲ್ಲಕ್ಕಿಂತ ಬೇಗ ಮುರಿಯುವುದೂ ಇದೇ. ದಿನಕ್ಕೆ 500 ಪದ ಎಂದರೆ ವರ್ಷಕ್ಕೆ 1,82,500. ಅಷ್ಟರಲ್ಲಿ ಮಧ್ಯಮ ಗಾತ್ರದ ನಾಲ್ಕು ಕಾದಂಬರಿ ಆಗುತ್ತವೆ. ನಿಮಗೆ ಬೇಕಿದ್ದುದು ಅದೇನಾ?

ಇಂಥ ಅಂಕಿಗಳು ಇಂಗ್ಲಿಷ್ ಬರಹಗಾರರ ರೂಢಿಯಿಂದ ಬಂದವು. 1999ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾನೋರೈಮೋ ಎಂಬ ಸವಾಲಿನಲ್ಲಿ ನವೆಂಬರ್ ತಿಂಗಳೊಂದರಲ್ಲೇ 50,000 ಪದ, ಅಂದರೆ ದಿನಕ್ಕೆ 1,667 ಪದ ಬರೆಯಬೇಕಿತ್ತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಬಾಗಿಲು ಹಾಕಿದರೂ ಅಂಕಿ ಮಾತ್ರ ಓಡಾಡುತ್ತಲೇ ಇದೆ. ಕನ್ನಡಕ್ಕೆ ಅದನ್ನು ಹಾಗೇ ಇಳಿಸಿಕೊಂಡರೆ ಸೋಲು ಖಚಿತ. ವಿಭಕ್ತಿ, ಸಂಧಿ, ಸಮಾಸಗಳೆಲ್ಲ ನಮ್ಮಲ್ಲಿ ಪದದ ಒಳಗೇ ಕೂರುತ್ತವೆ. 'ಊರಿನಲ್ಲಿದ್ದವರಿಗೂ' ಎಂಬುದು ವರ್ಡ್‌ನ ಎಣಿಕೆಯಲ್ಲಿ ಒಂದೇ ಪದ. ಇಂಗ್ಲಿಷಿನ 500 ಪದಕ್ಕೆ ಹಿಡಿಯುವ ದುಡಿಮೆ ಕನ್ನಡದಲ್ಲಿ 300ರಿಂದ 350ಕ್ಕೇ ಆಗಿಹೋಗುತ್ತದೆ.

ಇನ್ನೂ ದೊಡ್ಡ ತೊಡಕು ತಿದ್ದುವ ದಿನ ಎದುರಾಗುತ್ತದೆ. ಕತೆಯ ಮೊದಲೆರಡು ಪುಟ ಬೇಡವೆನಿಸಿ ಕಿತ್ತುಹಾಕಿದ ದಿನ ಎಣಿಕೆ ಮೈನಸ್ 400 ತೋರಿಸುತ್ತದೆ. ಕೆಲಸ ಚೆನ್ನಾಗಿ ಆದ ದಿನವೇ ಸೋತಂತೆ ಕಾಣುವ ಲೆಕ್ಕ ಇದು. ಆಮೇಲೆ ಬರೆಯುವವರು ತಿದ್ದುವುದನ್ನೇ ಮುಂದೂಡುತ್ತಾರೆ, ಇಲ್ಲವೇ 'ಹೌದಾ?', 'ಹೌದು', 'ಯಾವಾಗ?' ಎಂದು ಸಂಭಾಷಣೆ ಎಳೆಯುತ್ತಾರೆ. ಫೋನಿಗೆ ಹೇಳಿ ಬರೆಸುವವರಿಗೆ ಹತ್ತು ನಿಮಿಷದಲ್ಲಿ 500 ದಾಟುವುದು ಕಷ್ಟವಲ್ಲ. ಆದರೆ ವಿರಾಮಚಿಹ್ನೆ ಬಹುಪಾಲು ಇರುವುದಿಲ್ಲ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿರುತ್ತವೆ, ಪಾತ್ರದ ಆಡುಮಾತು ಪಠ್ಯಪುಸ್ತಕದ ಕನ್ನಡವಾಗಿರುತ್ತದೆ. ಉಳಿಸಿದ ಹೊತ್ತು ಸರಿಪಡಿಸುವುದರಲ್ಲೇ ಖರ್ಚು.

ಪದದ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವುದು ಒಂದೇ ಕಡೆ: ಕಾದಂಬರಿಯ ಮೊದಲ ಕರಡು. 40,000 ಪದದ ಕರಡಿಗೆ ವಾರದಲ್ಲಿ ಐದು ದಿನ, ದಿನಕ್ಕೆ 400 ಪದದಂತೆ 20 ವಾರ ಬೇಕು. ಅಲ್ಲೂ ದಿನದ ಬದಲು ವಾರಕ್ಕೆ 2,000 ಎಂದು ಬರೆದುಕೊಳ್ಳಿ. ಒಂದು ದಿನ ತಪ್ಪಿದರೆ ಭಾನುವಾರ ಸರಿದೂಗಿಸಬಹುದು.

ಹೊತ್ತಿನ ಲೆಕ್ಕ

ದಿನಕ್ಕೆ 40 ನಿಮಿಷ, ವಾರಕ್ಕೆ ಐದು ದಿನ. ಅಭ್ಯಾಸ ಕೂರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ, ಏಕೆಂದರೆ ಬರೆದರೂ ತಿದ್ದಿದರೂ ಅಳಿಸಿದರೂ ಎಲ್ಲವೂ ಜಮೆಯಾಗುತ್ತದೆ. ಕವಿಗಳಿಗೂ ಇದೇ ಸರಿ. ಎರಡು ಗಂಟೆಯ ಗುರಿ ಬೇಡ. ಅಷ್ಟು ಬಿಡುವು ಸಿಗದ ದಿನ 20 ನಿಮಿಷಕ್ಕೆ ಯಾಕೆ ಕೂರುವುದು ಎಂದು ಮನಸ್ಸು ಕೈಬಿಡುತ್ತದೆ. ಓದು, ಮಾಹಿತಿ ಹುಡುಕಾಟ, ಫಾಂಟ್ ಬದಲಾಯಿಸುವುದು ಈ 40 ನಿಮಿಷದೊಳಗೆ ಬರಬಾರದು. ಹೆಸರೋ ಇಸವಿಯೋ ಬೇಕಾದರೆ ಅಲ್ಲೊಂದು ನಕ್ಷತ್ರದ ಗುರುತು ಹಾಕಿ ಮುಂದೆ ಹೋಗಿ, ಆಮೇಲೆ ನೋಡಿಕೊಳ್ಳಬಹುದು.

ಕೊರತೆ ಕಾಣುವುದು ಮೂರನೇ ತಿಂಗಳಲ್ಲಿ. ಕೂತದ್ದು ನಿಜ, ಮುಗಿದದ್ದು ಏನೂ ಇಲ್ಲ. ಫೋಲ್ಡರಿನಲ್ಲಿ ಆರಂಭಗಳೇ ಇರುತ್ತವೆ, ಒಂದಕ್ಕೂ ಅಂತ್ಯ ಇರುವುದಿಲ್ಲ. ಗಡಿಯಾರಕ್ಕೆ ಕತೆ ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ.

ಕತೆಗಳ ಲೆಕ್ಕ

ಒಂದು ಕತೆಗೆ ಎಷ್ಟು ಹೊತ್ತು ಬೇಕೆಂದು ತಿಳಿಯದೆ 'ತಿಂಗಳಿಗೊಂದು' ಎಂದು ಬರೆದುಕೊಂಡರೆ ಈ ಗುರಿಯೂ ಫೆಬ್ರವರಿಯಲ್ಲೇ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ. 2,500 ಪದದ ಕತೆಯ ಮೊದಲ ಕರಡಿಗೆ ಸುಮಾರು 8 ಗಂಟೆ. ಎರಡು ವಾರ ಮುಟ್ಟದೆ ಇಟ್ಟು ಮತ್ತೆ ಬರೆಯಲು 10 ಗಂಟೆ. ಗಟ್ಟಿಯಾಗಿ ಓದಿ ಸಂಭಾಷಣೆ ತಿದ್ದಲು 3, ಕಾಗುಣಿತ, ಸ್ವಚ್ಛ ಪ್ರತಿಗೆ ಇನ್ನು 3. ಒಟ್ಟು 24 ಗಂಟೆ. ದಿನಕ್ಕೆ 40 ನಿಮಿಷದಂತೆ ವಾರಕ್ಕೆ 3 ಗಂಟೆ 20 ನಿಮಿಷ ಸಿಗುತ್ತದೆ, ಅಂದರೆ ಕತೆಗೆ ಏಳು ವಾರಕ್ಕಿಂತ ಸ್ವಲ್ಪ ಹೆಚ್ಚು. ವರ್ಷದ 52 ವಾರದಲ್ಲಿ ಹಬ್ಬ, ಮದುವೆ, ಮಕ್ಕಳ ಪರೀಕ್ಷೆ, ಮಾರ್ಚ್ ಕೊನೆಯ ಕಚೇರಿ ಕೆಲಸ, ಜ್ವರ ಎಂದು ಹತ್ತು ವಾರ ಕಳೆಯಿರಿ. ಉಳಿದ 42 ವಾರಕ್ಕೆ ಆರು ಕತೆಯೂ ಪೂರ್ತಿ ಆಗುವುದಿಲ್ಲ. ಗುರಿ ನಾಲ್ಕಿರಲಿ. ಕೆಟ್ಟುಹೋಗುವ ಒಂದೆರಡಕ್ಕೂ ಜಾಗ ಬೇಕು.

'ಈ ವರ್ಷ ಸಂಕಲನ ತರುತ್ತೇನೆ' ಎನ್ನುವವರೂ ಇದೇ ಲೆಕ್ಕಕ್ಕೆ ಬರಬೇಕು. ಕನ್ನಡ ಪುಸ್ತಕಗಳ ಸಾಮಾನ್ಯ ಗಾತ್ರವಾದ ಡೆಮಿ ಅಳತೆಯಲ್ಲಿ 120 ಪುಟ ದಾಟಬೇಕಾದರೆ ಹತ್ತು ಹನ್ನೊಂದು ಕತೆ ಬೇಕು. ವರ್ಷಕ್ಕೆ ನಾಲ್ಕರಂತೆ ಅದು ಮೂರು ವರ್ಷದ ಮಾತು. ಮೊದಲ ಸಂಕಲನದ ಹಸ್ತಪ್ರತಿಗೆ ಛಂದ ಪುಸ್ತಕ ಬಹುಮಾನ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇವೆ. ಕತೆಗಳು ಕೈಯಲ್ಲಿದ್ದಾಗ ಯೋಚಿಸಿದರೆ ಸಾಕು.

ಕಳಿಸುವ ಲೆಕ್ಕ

ಇಂಗ್ಲಿಷಿನಲ್ಲಿ 'ವರ್ಷಕ್ಕೆ ನೂರು ತಿರಸ್ಕಾರ' ಗಳಿಸುವ ಗುರಿ ಚಾಲ್ತಿಯಲ್ಲಿದೆ. ತಿರಸ್ಕಾರದ ಭಯ ಕಳೆಯುವ ಉಪಾಯವಾಗಿ ಅದು ಜಾಣತನದ್ದೇ, ನಮ್ಮಲ್ಲಿ ನಡೆಯುವುದಿಲ್ಲ ಅಷ್ಟೇ. ಅಲ್ಲಿ ಪತ್ರಿಕೆಗಳು ನೂರಾರು, ಒಂದೇ ಕತೆಯನ್ನು ಏಕಕಾಲಕ್ಕೆ ಹಲವರಿಗೆ ಕಳಿಸಲು ಬಹಳ ಕಡೆ ಅನುಮತಿ ಇದೆ, ತಡವಾದರೂ ಉತ್ತರ ಬರುತ್ತದೆ. ಇಲ್ಲಿ ಸುಧಾ, ತರಂಗ, ಮಯೂರ, ತುಷಾರ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಕೆಂಡಸಂಪಿಗೆಯಂಥ ಜಾಲಪತ್ರಿಕೆ ಎಂದು ಎಣಿಸುತ್ತ ಹೋದರೆ ಬೇಗ ಮುಗಿಯುತ್ತದೆ. ಬೇಡವಾದ ಕತೆಗೆ ಹೆಚ್ಚಿನ ಕಡೆ ಉತ್ತರವೇ ಇರುವುದಿಲ್ಲ, ಮೌನವನ್ನೇ ಉತ್ತರ ಎಂದುಕೊಳ್ಳಬೇಕು. ಒಂದು ಕಡೆ ಮೂರು ತಿಂಗಳು ಕಾದು, ಹಿಂಪಡೆಯುತ್ತಿದ್ದೇನೆಂದು ಎರಡು ಸಾಲಿನ ಮೇಲ್ ಹಾಕಿ ಮುಂದಿನವರಿಗೆ ಕಳಿಸುವುದು ಮರ್ಯಾದೆಯ ಕ್ರಮ. ಹಾಗಾದರೆ ಒಂದು ಕತೆ ವರ್ಷದಲ್ಲಿ ನಾಲ್ಕು ಬಾಗಿಲನ್ನಷ್ಟೇ ತಟ್ಟೀತು. ನಾಲ್ಕು ಕತೆಗಳೂ ಜನವರಿಗೇ ಸಿದ್ಧವಿರುವುದಿಲ್ಲವಾದ್ದರಿಂದ ಎಂಟು ಸಲ ಕಳಿಸಿದರೆ ಅದೇ ದೊಡ್ಡದು.

ಇಲ್ಲಿ ಹೆಚ್ಚು ಜನ ಎಡವುವುದು ಮಾತ್ರ ಬೇರೆ ಕಡೆ. ಕಾಯಲಾರದೆ ಕತೆಯನ್ನು ಫೇಸ್‌ಬುಕ್ಕಿಗೋ, ಯಾರು ಬೇಕಾದರೂ ಕತೆ ಪ್ರಕಟಿಸಬಹುದಾದ ಪ್ರತಿಲಿಪಿ ಜಾಲತಾಣಕ್ಕೋ ಹಾಕಿಬಿಡುತ್ತಾರೆ. ಪತ್ರಿಕೆ, ಸ್ಪರ್ಧೆಗಳು ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕತೆ ಕೇಳುತ್ತವೆ, ಜಾಲತಾಣವೂ ಆ 'ಎಲ್ಲೂ'ವಿನಲ್ಲಿ ಸೇರುತ್ತದೆ. ಒಂದು ಸಂಜೆಯ ಲೈಕಿಗಾಗಿ ವರ್ಷದ ನಾಲ್ಕರಲ್ಲಿ ಒಂದು ಕತೆಯ ದಾರಿ ಮುಚ್ಚಿದಂತೆ.

ಸ್ಪರ್ಧೆಯ ದಿನಾಂಕ

ಗಡುವಾಗಿ ಇದಕ್ಕೆ ಸಾಟಿಯಿಲ್ಲ, ಗುರಿಯಾಗಿ ಇದು ಕೆಟ್ಟದ್ದು. ಬಹುಮಾನ ತೀರ್ಪುಗಾರರ ಕೈಯಲ್ಲಿರುತ್ತದೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕೊನೆಯ ದಿನ ಹಬ್ಬಕ್ಕಿಂತ ಎಷ್ಟೋ ವಾರ ಮೊದಲೇ ಬರುತ್ತದೆ, ಆಹ್ವಾನ ಕಂಡ ಮೇಲೆ ಬರೆಯಲು ಕೂತರೆ ತಿದ್ದಲು ಸಮಯ ಉಳಿಯುವುದಿಲ್ಲ. ಜುಲೈ ಕೊನೆಗೆ ಒಂದು ಕತೆ ಸಿದ್ಧವಿರಲಿ ಎಂದಷ್ಟೇ ಬರೆದಿಟ್ಟುಕೊಳ್ಳಿ.

ನಮ್ಮ ಆಯ್ಕೆ

ಜನವರಿಯಿಂದ ಯುಗಾದಿಯವರೆಗೆ ಹೊತ್ತಿನ ಲೆಕ್ಕವೊಂದೇ ಸಾಕು. ಆ ಅವಧಿಯಲ್ಲಿ ಒಂದು ಕತೆಗೆ ನಿಮಗೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತೆಂದು ಗುರುತು ಹಾಕಿಡಿ. ಮೇಲಿನ 24 ಅಂದಾಜು, ನಿಮ್ಮದು 15 ಆಗಬಹುದು, 40 ಆಗಬಹುದು. ಯುಗಾದಿಗೆ ಆ ಅಂಕಿಯಿಂದ ವರ್ಷದ ಕತೆಗಳನ್ನು ನಿಗದಿ ಮಾಡಿ. ಹೊಸ ವರ್ಷಕ್ಕೆ ನಮ್ಮಲ್ಲಿ ಎರಡು ದಿನಾಂಕ ಇರುವುದರ ಲಾಭ ಪಡೆಯದೆ ಬಿಡುವುದೇಕೆ! ಪದದ ಲೆಕ್ಕವನ್ನು ಕಾದಂಬರಿಕಾರರಿಗೆ ಬಿಡಿ.

ನೋಟ್‌ಬುಕ್ಕಿನಲ್ಲಿ ಒಂದೇ ಪುಟ, ಐದು ಅಂಕಣ: ಕತೆಯ ಹೆಸರು, ಹಿಡಿದ ಗಂಟೆ, ಮುಗಿದ ದಿನ, ಎಲ್ಲಿಗೆ ಕಳಿಸಿದ್ದು, ಎಲ್ಲಿಯವರೆಗೆ ಕಾಯುವುದು. ಜೂನ್ 30ಕ್ಕೆ ಅದನ್ನು ತೆರೆದು ನೋಡಿ. ಒಂದೇ ಕತೆ ಮುಗಿದಿದ್ದರೆ ಉಳಿದ ಮೂರನ್ನು ದ್ವಿತೀಯಾರ್ಧದ ಮೇಲೆ ಹೇರಬೇಡಿ. ಆರು ತಿಂಗಳಿಗೆ ಒಂದು ಎಂಬುದೇ ನಿಮ್ಮ ಈ ವರ್ಷದ ವೇಗ. ಗುರಿಯನ್ನು ಎರಡಕ್ಕೆ ಇಳಿಸಿ, ಎರಡನೆಯದನ್ನು ಮುಂದಿನ ಯುಗಾದಿ ವಿಶೇಷಾಂಕಗಳಿಗೆ ಹೊತ್ತಿಗೆ ಸರಿಯಾಗಿ ತಲುಪುವಂತೆ ಡಿಸೆಂಬರ್ ಮೊದಲ ವಾರಕ್ಕೆ ಗೊತ್ತುಮಾಡಿ.