ಐವತ್ತು ಸಾವಿರದ ಗೇಮಿಂಗ್ ಕಂಪ್ಯೂಟರ್: ಒಂದು ಮಳೆಗಾಲ ಕಳೆದ ಮೇಲೆ

ಅಕ್ಕನ ಮಗನಿಗೆ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದದ್ದೇ ತಡ, ಗೇಮಿಂಗ್ ಕಂಪ್ಯೂಟರಿನ ಬೇಡಿಕೆ ಶುರುವಾಯಿತು. ಐವತ್ತು ಸಾವಿರಕ್ಕಿಂತ, ಅಂದರೆ ಆಗಿನ ದರದಲ್ಲಿ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ರಾಶಿ ಅಡಿಕೆಯ ಬೆಲೆಗಿಂತ, ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲವೆಂದು ಭಾವ ಹೇಳಿದರು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಅದೇ ಮೊತ್ತಕ್ಕೆ ಜೋಡಿಸಿಟ್ಟಿದ್ದ ಯಂತ್ರವನ್ನು ನೋಡಿದೆವು. ಗಾಜಿನ ಬಾಗಿಲು, ಬಣ್ಣಬಣ್ಣದ ದೀಪದ ನಾಲ್ಕು ಫ್ಯಾನುಗಳು ಎಲ್ಲವೂ ಇದ್ದವು. ಒಳಗೆ ಮಾತ್ರ 8 ಜಿಬಿ ರ‍್ಯಾಮಿನ ಒಂದೇ ಕಡ್ಡಿ, 4 ಜಿಬಿಯ ಹಳೆಯ ಗ್ರಾಫಿಕ್ಸ್ ಕಾರ್ಡ್ ಮತ್ತು ಎಷ್ಟು ವ್ಯಾಟ್ ಎಂಬುದನ್ನು ಬಿಟ್ಟರೆ ಬೇರೇನನ್ನೂ ಬರೆದುಕೊಂಡಿರದ, ಎಲ್ಲ ಭಾಗಗಳಿಗೂ ವಿದ್ಯುತ್ತು ಹಂಚುವ ಎಸ್‌ಎಂಪಿಎಸ್ ಇದ್ದವು. ಹಣವನ್ನು ಕಣ್ಣಿಗೆ ಕಾಣುವ ಕಡೆ ಸುರಿದು, ಕಾಣದ ಕಡೆ ಉಳಿಸಿದ್ದರು. ನಾವು ಅದನ್ನು ತಿರುವುಮುರುವು ಮಾಡಬೇಕೆಂದು ನಿಶ್ಚಯಿಸಿ, ಬಿಡಿಭಾಗಗಳನ್ನು ತಂದು 2024ರ ಏಪ್ರಿಲಿನಲ್ಲಿ ತೀರ್ಥಹಳ್ಳಿ ಹತ್ತಿರದ ಅಕ್ಕನ ಮನೆಯ ಜಗಲಿಯಲ್ಲಿ ನಾವೇ ಜೋಡಿಸಿದೆವು. ಇಬ್ಬರಿಗೂ ಅದು ಮೊದಲ ಅನುಭವ. ಯಂತ್ರ ಒಂದು ಪೂರ್ತಿ ಮಳೆಗಾಲವನ್ನು ದಾಟಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಎಎಂಡಿ ರೈಜನ್ 5 5600 ಪ್ರೊಸೆಸರಿಗೆ 10,800, ಬಿ450 ಮದರ್‌ಬೋರ್ಡಿಗೆ 5,900, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿಗಳಿಗೆ 3,300, 1 ಟಿಬಿ ಎಸ್‌ಎಸ್‌ಡಿಗೆ 4,900, 550 ವ್ಯಾಟಿನ ಎಸ್‌ಎಂಪಿಎಸ್‌ಗೆ 4,100, ಕ್ಯಾಬಿನೆಟ್ಟಿಗೆ 2,700 ಮತ್ತು ಬಳಸಿದ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡಿಗೆ 13,500 ರೂಪಾಯಿ. ಒಟ್ಟು 45,200. ಯುಪಿಎಸ್‌ಗೆ 5,800 ಸೇರಿದಾಗ ಭಾವನವರ ಗೆರೆಯನ್ನು ಒಂದು ಸಾವಿರ ದಾಟಿದೆವು. ಅದನ್ನು ನನ್ನ ಕಿಸೆಯಿಂದ ಕೊಟ್ಟೆ. ಮಾನಿಟರ್ ಮನೆಯಲ್ಲಿದ್ದ ಹಳೆಯ 1080ಪಿ, 75 ಹರ್ಟ್ಸಿನದು.

ಪ್ರೊಸೆಸರಿನ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2022ರಲ್ಲಿ ಬಂದ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಸದು ನಿಜ, ಆದರೆ ಅದಕ್ಕೆ ಡಿಡಿಆರ್5 ರ‍್ಯಾಮನ್ನೇ ಹಾಕಬೇಕು, ಬೋರ್ಡೂ ಆಗ ದುಬಾರಿಯಾಗಿತ್ತು. ಹಳೆಯ ಎಎಂ4 ಸಾಕೆಟ್ಟಿನ 5600ಕ್ಕೆ ಆರು ಕೋರ್, ಹನ್ನೆರಡು ಥ್ರೆಡ್ ಇವೆ, ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ, ಮುಂದೆ ಬೇಕೆನಿಸಿದರೆ ಅದೇ ಬೋರ್ಡಿಗೆ 5700ಎಕ್ಸ್3ಡಿ ಕೂರಿಸಬಹುದು. ಬಿ450 ಬೋರ್ಡ್ ಕೊಳ್ಳುವವರು ಒಂದನ್ನು ಗಮನಿಸಬೇಕು: ಹಳೆಯ ದಾಸ್ತಾನಿನ ಬೋರ್ಡಾದರೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗುವವರೆಗೆ ಈ ಪ್ರೊಸೆಸರನ್ನು ಗುರುತಿಸುವುದಿಲ್ಲ. ಪೆಟ್ಟಿಗೆಯ ಮೇಲೆ ರೈಜನ್ 5000ಕ್ಕೆ ಸಿದ್ಧವೆಂಬ ಚೀಟಿ ಇರುವುದನ್ನು ನೋಡಿಯೇ ನಾವು ದುಡ್ಡು ಕೊಟ್ಟೆವು. ಗ್ರಾಫಿಕ್ಸ್ ಒಳಗೇ ಇರುವ 5600ಜಿ ಕೊಂಡು, ಕಾರ್ಡನ್ನು ಮುಂದಿನ ವರ್ಷ ನೋಡಿಕೊಳ್ಳಬಹುದೆಂಬ ಸಲಹೆಯೂ ಬಂದಿತ್ತು. ಆಗ ಮೂವತ್ತು ಸಾವಿರವಷ್ಟೇ ಕೈಯಲ್ಲಿದ್ದವರಿಗೆ ಅದು ಒಳ್ಳೆಯ ದಾರಿಯೇ ಆಗಿತ್ತು. ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿ) 16 ಎಂಬಿ, ಅಂದರೆ 5600ರಲ್ಲಿರುವುದರ ಅರ್ಧ, ಮತ್ತು ಆಟಗಳಲ್ಲಿ ಆ ಕೊರತೆ ತಿಳಿಯುತ್ತದೆ.

ಅತಿ ಹೆಚ್ಚು ಉಳಿತಾಯವಾದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಅತಿ ಹೆಚ್ಚು ಭಯಪಟ್ಟದ್ದೂ ಅದಕ್ಕೇ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ತನ್ನ ವ್ಯವಸ್ಥೆಯನ್ನು ಬದಲಿಸಿಕೊಂಡ ಮೇಲೆ ಕಾರ್ಡುಗಳಿಂದ ನಾಣ್ಯ ಗಣಿಗಾರಿಕೆ ಮಾಡುವುದು ಲಾಭದಾಯಕವಾಗಿ ಉಳಿಯಲಿಲ್ಲ, ಹಾಗಾಗಿ ಹಗಲೂ ರಾತ್ರಿ ದುಡಿದು ಬಂದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಸಾಕಷ್ಟು ಬಂದಿದ್ದವು. ಆದ್ದರಿಂದ ಫೋಟೋ ನೋಡಿ ಹಣ ಕಳುಹಿಸುವ ಬದಲು, ಮಾರುವವರ ಮನೆಗೇ ಹೋಗಿ ಅವರ ಯಂತ್ರದಲ್ಲಿ ಅರ್ಧ ಗಂಟೆ ಕಾರ್ಡನ್ನು ಪೂರ್ತಿ ಹೊರೆಯಲ್ಲಿ ಓಡಿಸಿ, ಉಷ್ಣಾಂಶ ಎಲ್ಲಿ ನಿಲ್ಲುತ್ತದೆ, ಫ್ಯಾನ್ ಗರಗರ ಎನ್ನುತ್ತದೆಯೇ, ಪರದೆಯಲ್ಲಿ ಚುಕ್ಕಿಗಳು ಮೂಡುತ್ತವೆಯೇ ಎಂದು ನೋಡಿದೆವು. ಮೂಲ ಬಿಲ್ಲನ್ನೂ ಕೇಳಿ ಪಡೆದೆವು. ಈ ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇದೆ, ಬಳಸುವ ವಿದ್ಯುತ್ತು 132 ವ್ಯಾಟ್ ಮಾತ್ರ. 1080ಪಿ ಪರದೆಯಲ್ಲಿ ವ್ಯಾಲರಂಟ್, ಜಿಟಿಎ 5 ಇದಕ್ಕೆ ಲೆಕ್ಕಕ್ಕೇ ಇಲ್ಲ. ಸೈಬರ್‌ಪಂಕ್ 2077 ಕೂಡ ಮಧ್ಯಮ ಮಟ್ಟದ ಸೆಟ್ಟಿಂಗಿನಲ್ಲಿ ತಡವರಿಸದೆ ನಡೆಯುತ್ತದೆ. ಬೆಳಕು-ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಹಾಕಿದರೆ ಮಾತ್ರ ಕಾರ್ಡ್ ಏದುಸಿರು ಬಿಡುತ್ತದೆ. ಅದರ ಆಸೆ ಇರುವವರು ಇದನ್ನು ಕೊಳ್ಳಬಾರದು.

ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಮಿತಭೋಜಿಗಳಾದ್ದರಿಂದ ಇಡೀ ಯಂತ್ರ ಆಟದ ಹೊತ್ತಿನಲ್ಲೂ 300 ವ್ಯಾಟಿನ ಒಳಗೇ ಇರುತ್ತದೆ. ಹೀಗಿರುವಾಗ 750 ವ್ಯಾಟಿನ ಎಸ್‌ಎಂಪಿಎಸ್ ಬೇಕೆಂಬ ಮಾತನ್ನು ನಂಬಬೇಕಾಗಿಲ್ಲ. ಆದರೆ ವ್ಯಾಟ್ ಕಡಿಮೆ ಮಾಡುವುದು ಬೇರೆ, ಗುಣಮಟ್ಟ ಕಡಿಮೆ ಮಾಡುವುದು ಬೇರೆ. 80 ಪ್ಲಸ್ ಬ್ರಾಂಜ್ ಎಂಬ ಮುದ್ರೆ, ಎಸ್‌ಎಂಪಿಎಸ್ ವಿದ್ಯುತ್ತನ್ನು ಎಷ್ಟು ಪೋಲು ಮಾಡುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ವೋಲ್ಟೇಜ್ ಏರಿಳಿದಾಗ ಉಳಿದ ಭಾಗಗಳನ್ನು ಕಾಯುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಮುದ್ರೆಯ ಜೊತೆಗೆ ಐದು ವರ್ಷದ ವಾರಂಟಿಯೂ ಇರುವುದನ್ನೇ ಆರಿಸಿದೆವು.

ನಮ್ಮ ಕಡೆಯ ಕರೆಂಟಿನ ಸಂಗತಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಷಾಢದ ಗಾಳಿಗೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಸಂಜೆಯೊಳಗೆ ಹತ್ತು ಸಲ ಹೋಗಿ ಬರುತ್ತದೆ. ಮೊದಲು 600 ವಿಎ ಯುಪಿಎಸ್ ಸಾಕೆಂದುಕೊಂಡಿದ್ದೆವು. ಆದರೆ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರೂ ಸೇರಿದರೆ ಅದು ಅಂಚಿಗೆ ಬಂದು ನಿಲ್ಲುತ್ತದೆ. 1000 ವಿಎ ತಂದದ್ದಕ್ಕೆ ಈಗ ಸಮಾಧಾನವಿದೆ, ಏಕೆಂದರೆ ಆಟ ಮುಗಿಸಿ ಯಂತ್ರವನ್ನು ಕ್ರಮವಾಗಿ ಆರಿಸುವಷ್ಟು ಹೊತ್ತು ಸಿಗುತ್ತದೆ. ಯುಪಿಎಸ್ ಇದ್ದರೂ ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಎರಡನ್ನೂ ಕೀಳಬೇಕು. ಮನೆಗೆ ಬರುವುದು ಫೈಬರ್, ಗಾಜಿನ ಎಳೆಯಲ್ಲಿ ಸಿಡಿಲು ಹರಿಯುವುದಿಲ್ಲ ಎಂದು ಅಳಿಯ ವಾದಿಸಿದ. ಎಳೆಯ ಮಟ್ಟಿಗೆ ಅದು ಸರಿ; ಆದರೆ ಮೋಡೆಮ್ಮಿನ ಅಡಾಪ್ಟರ್ ಇರುವುದು ಗೋಡೆಯ ಸಾಕೆಟ್ಟಿನಲ್ಲಿ, ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿ. ಸಾಕೆಟ್ಟಿನ ಅರ್ತಿಂಗನ್ನು ಎಲೆಕ್ಟ್ರಿಶಿಯನ್ನರಿಂದ ನೋಡಿಸಿದಾಗ ಅದು ಹೆಸರಿಗಷ್ಟೇ ಇತ್ತೆಂದು ತಿಳಿಯಿತು. ಅದನ್ನು ಸರಿಪಡಿಸಿದ ಖರ್ಚು ಮೇಲಿನ ಲೆಕ್ಕದಲ್ಲಿ ಇಲ್ಲ, ಮನೆಯ ಖರ್ಚೆಂದು ಭಾವ ಒಪ್ಪಿಕೊಂಡರು.

ಬಟ್ಟೆ, ಪುಸ್ತಕ, ಚಪ್ಪಲಿ ಎಲ್ಲದರ ಮೇಲೂ ಬೂಷ್ಟು ಬರುವ ತಿಂಗಳುಗಳಲ್ಲಿ ಕಂಪ್ಯೂಟರಿನ ಗತಿ ಏನೆಂಬ ಆತಂಕವಿತ್ತು. ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಡುವುದು ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ತೇವ ಒಳಗೇ ಉಳಿಯುವುದರಿಂದ ಅದು ಕೆಟ್ಟ ಉಪಾಯ. ಸುತ್ತಲಿನ ಗಾಳಿಗಿಂತ ಬೆಚ್ಚಗಿರುವ ವಸ್ತುವಿನ ಮೇಲೆ ನೀರು ಕಟ್ಟುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡುವ ಯಂತ್ರ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಜುಲೈಯಲ್ಲಿ ಇದು ಅಳಿಯನ ಪ್ರಬಲ ವಾದವಾಗಿತ್ತು: "ಆಡೋದಕ್ಕಲ್ಲ ಮಾವ, ಒಣಗ್ಸೋದಕ್ಕೆ." ಗಾಜಿನ ಬದಲು ಮುಂಭಾಗದಲ್ಲಿ ಜಾಲರಿಯಿರುವ ಅಗ್ಗದ ಕ್ಯಾಬಿನೆಟ್ ತೆಗೆದುಕೊಂಡದ್ದರಿಂದ ಗಾಳಿ ಚೆನ್ನಾಗಿ ಆಡುತ್ತದೆ. ಸೆಪ್ಟೆಂಬರಿನಲ್ಲಿ ಬಿಚ್ಚಿ ನೋಡಿದಾಗ ಬೋರ್ಡ್ ಸ್ವಚ್ಛವಾಗಿತ್ತು, ಧೂಳಿನ ಫಿಲ್ಟರಿನಲ್ಲಿ ಮಾತ್ರ ಬೂಷ್ಟು ಹಿಡಿದಿತ್ತು. ತೊಳೆದು ಒಲೆಯ ಹತ್ತಿರ ಒಣಗಿಸಿ ಮತ್ತೆ ಹಾಕಿದೆವು.

ಜೋಡಿಸುವಾಗ ನಾವು ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಎಲ್ಲ ಮುಗಿಸಿ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಒಂದೂವರೆ ಗಂಟೆ ರ‍್ಯಾಮ್ ಕಿತ್ತು ಹಾಕಿ ಒದ್ದಾಡಿದ ಮೇಲೆ, ಮಾನಿಟರಿನ ಕೇಬಲನ್ನು ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಹಾಕಿದ್ದೇವೆಂದು ತಿಳಿಯಿತು. 5600ರ ಒಳಗೆ ಗ್ರಾಫಿಕ್ಸೇ ಇಲ್ಲ, ಚಿತ್ರ ಬರುವುದಾದರೂ ಎಲ್ಲಿಂದ? ಇನ್ನೊಂದು ತಪ್ಪು ಮೂರು ವಾರ ಗಮನಕ್ಕೇ ಬರಲಿಲ್ಲ. 3200ರ ವೇಗದ ರ‍್ಯಾಮ್ 2400ರಲ್ಲಿ ಓಡುತ್ತಿತ್ತು. ಬಯಾಸಿನಲ್ಲಿ ಎಕ್ಸ್‌ಎಂಪಿ ಎಂಬ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆಯನ್ನು ನಾವೇ ಆನ್ ಮಾಡಬೇಕಿತ್ತು. ಇದಕ್ಕೆ ಕಾಸು ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಅಸಮಾಧಾನಗಳೂ ಇವೆ. ಪ್ರೊಸೆಸರಿನ ಜೊತೆ ಬಂದ ಕೂಲರ್ ಸಾಕಾಗುತ್ತದೆ, ಆದರೆ ಮಳೆ ನಿಂತ ರಾತ್ರಿಗಳಲ್ಲಿ ಅದರ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಮದರ್‌ಬೋರ್ಡಿನಲ್ಲಿ ವೈಫೈ ಇಲ್ಲದ್ದರಿಂದ ಜಗಲಿಯಿಂದ ಕೋಣೆಯವರೆಗೆ ಕೇಬಲ್ ಎಳೆಯಬೇಕಾಯಿತು. ಯಂತ್ರಕ್ಕೆ ಈಗ ಅಡ್ಡಿಯಾಗಿರುವುದು ಹಳೆಯ ಮಾನಿಟರ್: ವ್ಯಾಲರಂಟಿನಲ್ಲಿ ಕಾರ್ಡ್ ಸೆಕೆಂಡಿಗೆ ನೂರೈವತ್ತಕ್ಕೂ ಹೆಚ್ಚು ಚೌಕಟ್ಟುಗಳನ್ನು ಕೊಟ್ಟರೂ ಪರದೆ ತೋರಿಸುವುದು ಎಪ್ಪತ್ತೈದನ್ನೇ. ಹೊಸದರ ಮಾತೆತ್ತಿದಾಗ, ಕೊನೆಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗುವವರೆಗೆ ಅದರ ಸುದ್ದಿ ಬೇಡವೆಂದು ಭಾವ ಹೇಳಿದ್ದಾರೆ.