ಜರ್ಬೆರಾ ಕುಂಡ ಕೊಳ್ಳುವ ಮುಂಚೆ ಹೂವಿನ ದಂಟು ಎಳೆದು ನೋಡಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ನನಗೆ ಮೋಸ ಮಾಡಿದ ಹೂಗಿಡದ ಗಾಡಿ ಬರುವ ಭಾನುವಾರ ನಿಮ್ಮ ಬೀದಿಗೂ ಬರಬಹುದು.

ಬೆಂಗಳೂರಲ್ಲಿ ನಮ್ಮ ತಾರಸಿಗೆ ಇಡೀ ದಿನ ಬಿಸಿಲು. ಸಾಗರದಲ್ಲಿ ಅಮ್ಮನ ಅಂಗಳದಲ್ಲಿ ಜರ್ಬೆರಾ ಎಷ್ಟೋ ವರ್ಷದಿಂದ ಇದೆ, ಮಳೆಗಾಲಕ್ಕೆ ಮುಂಚೆ ಬುಡ ಒಡೆದು ಅಕ್ಕಪಕ್ಕದವರಿಗೆಲ್ಲ ಕೊಡುತ್ತಾರೆ. ಇಷ್ಟೆಲ್ಲ ನೋಡಿಕೊಂಡೇ ಬೆಳೆದವಳು ನಾನು. ಆದರೂ ಮೋಸ ಹೋದೆ.

ಗೂಡ್ಸ್ ಆಟೋ ತುಂಬಾ ಕುಂಡಗಳು. ಕೆಂಪು, ಹಳದಿ, ಕಿತ್ತಳೆ, ಒಂದು ನೀಲಿ ಕೂಡ. ಒಂದೊಂದರಲ್ಲೂ ಮೂರು ನಾಲ್ಕು ಹೂ, ಎಲ್ಲ ಪೂರ್ತಿ ಅರಳಿದ್ದವು. ಕುಂಡಕ್ಕೆ 250 ರೂಪಾಯಿ. ಆರು ತಗೊಂಡೆ, 1,500 ಸ್ಕ್ಯಾನ್ ಮಾಡಿ ಕೊಟ್ಟೆ. "ಒಂದು ವಾರ ನೆರಳಲ್ಲಿಡಿ ಮೇಡಂ, ಗಿಡ ಅಲುಗಾಡಿಸಬೇಡಿ" ಅಂದ ಗಾಡಿಯವನು. ಅಲುಗಾಡಿಸಬೇಡಿ ಅಂದಿದ್ದು ಯಾಕೆ ಅಂತ ಈಗ ಅರ್ಥ ಆಗುತ್ತಿದೆ.

ನಾಲ್ಕನೇ ದಿನಕ್ಕೆ ಎಲ್ಲ ಹೂವೂ ಒಟ್ಟಿಗೆ ತಲೆ ಬಗ್ಗಿಸಿದವು. ನೀರು ಸಾಲದೇನೋ ಅಂತ ಇನ್ನೂ ಹಾಕಿದೆ. ಮಾರನೇ ದಿನ ಬಾಡಿದ್ದನ್ನು ಕೀಳೋಣ ಅಂತ ದಂಟು ಹಿಡಿದೆ ಅಷ್ಟೇ, ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಎಳೆದ ಹಾಗೆ ಕೈಗೆ ಬಂತು. ತುದಿ ನೋಡಿದರೆ ಚಾಕುವಿನಲ್ಲಿ ನೀಟಾಗಿ ಕತ್ತರಿಸಿದ್ದು! ಇನ್ನೊಂದು ಎಳೆದೆ, ಅದೂ ಹಾಗೇ. ಒಟ್ಟು 19 ಹೂ, 19ಕ್ಕೂ ಕತ್ತರಿಸಿದ ತುದಿ. ಮಾರ್ಕೆಟ್‌ನಲ್ಲಿ ಹತ್ತು ಹತ್ತರ ಕಟ್ಟು ಮಾರುತ್ತಾರಲ್ಲ, ಅದೇ ಹೂ ತಂದು ಎಲೆ ಮಧ್ಯೆ ಮಣ್ಣಿಗೆ ಚುಚ್ಚಿದ್ದಾನೆ. ಆ ನೀಲಿ ಹೂವಂತೂ ಬಣ್ಣದ ನೀರು ಕುಡಿಸಿದ್ದು. ಜರ್ಬೆರಾದಲ್ಲಿ ನೀಲಿ ಹೂ ಬಿಡೋ ಗಿಡವೇ ಇಲ್ಲ! ಅಲ್ಲೇ ತಾರಸಿ ಮೇಲೆ ಕೂತು ಅತ್ತುಬಿಟ್ಟೆ.

ಗಾಡಿಯವನಿಗೆ ಫೋಟೋ ಕಳಿಸಿದೆ. ಮೊದಲು "ನೀರು ಜಾಸ್ತಿ ಆಗಿದೆ ಮೇಡಂ" ಅಂದ. ಕತ್ತರಿಸಿದ ತುದಿಯ ಫೋಟೋ ಹಾಕಿದೆ. "ಮಕ್ಕಳು ಕಿತ್ತಿರಬೇಕು." ನಮ್ಮ ಮನೆಯಲ್ಲಿ ಮಕ್ಕಳೇ ಇಲ್ಲ. ಕೊನೆಗೆ, "ಗಿಡ ನಿಜದ್ದೇ ಅಲ್ವಾ ಮೇಡಂ? ಹೂವು ಇವತ್ತಲ್ಲ ನಾಳೆ ಬರುತ್ತೆ." ಆ ಮಾತಿಗೆ ಮೈಯೆಲ್ಲ ಉರಿಯಿತು.

ಗಿಡವಾದರೂ ಉಳಿಯಿತಾ? ಅಂಟು ಕೆಂಪು ಮಣ್ಣಲ್ಲಿ ಸುಳಿ (ಎಲೆಗಳು ಹುಟ್ಟುವ ನಡುಭಾಗ) ಮುಚ್ಚುವ ಹಾಗೆ ಹೂತಿದ್ದ. ಜರ್ಬೆರಾ ಸುಳಿ ಮಣ್ಣಿನ ಮೇಲೇ ಇರಬೇಕು, ಅದರೊಳಗೆ ನೀರು ನಿಂತರೆ ಕೊಳೆಯುತ್ತದೆ. ನಾಲ್ಕು ಗಿಡ ಬುಡದಲ್ಲೇ ಕಪ್ಪಾಗಿ ಹೋದವು.

ದಯವಿಟ್ಟು ಅರಳಿದ ಹೂ ನೋಡಿ ಕೊಳ್ಳಬೇಡಿ. ಎಲೆ ಸರಿಸಿ ಬುಡದಲ್ಲಿ ಬಟಾಣಿ ಗಾತ್ರದ ಮೊಗ್ಗು ಇದೆಯಾ ನೋಡಿ, ದಂಟು ಮೆಲ್ಲಗೆ ಎಳೆದು ನೋಡಿ. ಮಾರುವವನು ಬೇಡ ಅಂದರೆ ಬಿಟ್ಟು ಬನ್ನಿ. ಗಾಡಿಯವರ ಹತ್ತಿರ ನಾನಂತೂ ಇನ್ನು ಒಂದು ತುಳಸಿ ಗಿಡವನ್ನೂ ಕೊಳ್ಳೋದಿಲ್ಲ.

ಉಳಿದ ಎರಡನ್ನು ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಬೆರೆಸಿ ಸುಳಿ ಮೇಲೆತ್ತಿ ನೆಟ್ಟಿದ್ದೇನೆ. ಒಂದರಲ್ಲಿ ನಿನ್ನೆ ಹೊಸ ಎಲೆ ಬಂದಿದೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಆತ ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.