ಫಿಲ್ಲರ್ ಹಾಕಿಸಿಕೊಂಡ ಮುಖದ ಮೇಲೆ ಡರ್ಮಾರೋಲರ್ ಉರುಳಿಸಬೇಡಿ

ನಡೆದದ್ದು ಇಷ್ಟು. ಹುಬ್ಬುಗಳ ನಡುವಿನ ಗೆರೆಗೆ ಸ್ನಾಯು ಸಡಿಲಿಸುವ ಇಂಜೆಕ್ಷನ್ ಬೊಟಾಕ್ಸ್, ಎರಡೂ ಕೆನ್ನೆ ತುಂಬಿಕೊಳ್ಳಲು ಚರ್ಮದಡಿ ಚುಚ್ಚುವ ಜೆಲ್, ಅಂದರೆ ಹಯಲುರಾನಿಕ್ ಆಸಿಡ್ ಫಿಲ್ಲರ್ ಹಾಕಿಸಿಕೊಂಡ ಒಬ್ಬ ಮಹಿಳೆ ಆರನೇ ದಿನ ಕನ್ನಡಿ ನೋಡಿಕೊಂಡರು. ಗೆರೆ ಪೂರ್ತಿ ಹೋಗಿರಲಿಲ್ಲ. ಎಡಗೆನ್ನೆ ಬಲಗೆನ್ನೆಗಿಂತ ತುಸು ದಪ್ಪ. ಸರಿ, ಮನೆಯಲ್ಲೇ ತಿದ್ದಿಬಿಡೋಣ ಎಂದು ಊದಿದ ಕಡೆ ಬೆರಳಿನಿಂದ ಒತ್ತಿ ತಿಕ್ಕಿದರು. ಅಂದೇ ರಾತ್ರಿ ಡರ್ಮಾರೋಲರ್, ಅಂದರೆ ಸುತ್ತಲೂ 1 ಮಿ.ಮೀ. ಸೂಜಿಗಳಿರುವ ಪುಟ್ಟ ಚಕ್ರ, ಮುಖದ ತುಂಬ ಓಡಿತು. ಅಲ್ಲಲ್ಲಿ ರಕ್ತ ಚುಕ್ಕಿಯಾಗಿ ಮೂಡಿದ ಮೇಲೆ 20% ವಿಟಮಿನ್ ಸಿ ಸೀರಮ್. ಉರಿಯಿತು. ಉರಿದರೆ ಕೆಲಸ ಮಾಡುತ್ತಿದೆ ಅಂದುಕೊಂಡರು. ಎರಡು ದಿನ ಬಿಟ್ಟು, ಸಿಪ್ಪೆ ಏಳುತ್ತಿದ್ದ ಚರ್ಮದ ಮೇಲೆ ಮೇಲ್ಪದರ ಸುಲಿಯುವ ಗ್ಲೈಕಾಲಿಕ್ ಆಸಿಡ್ ಪೀಲ್.

ಮೂರನೇ ವಾರದ ಹೊತ್ತಿಗೆ ಕೆನ್ನೆಯ ಮೇಲೆ ಕಂದು ಚುಕ್ಕಿಗಳು ಸಾಲುಗಟ್ಟಿದ್ದವು, ರೋಲರ್ ಹೋದ ದಾರಿಯಲ್ಲೇ, ನೇಗಿಲು ಹೊಡೆದ ಹಾಗೆ. ಜೊತೆಗೆ ಕೈಗೆ ಸಿಗುವಂಥ ಗಟ್ಟಿ ಗುಳ್ಳೆಗಳು. ಫಿಲ್ಲರ್‌ಗೆ ದೇಹ ತಿರುಗಿಬಿತ್ತೋ, ಸೋಂಕು ತಗುಲಿತೋ, ಸೀರಮ್ ಒಳಗಿಳಿಯಿತೋ? ಅನುಮಾನ ಮೂರು, ಮುಖ ಒಂದೇ. ಪರೀಕ್ಷಿಸುವ ವೈದ್ಯರಿಗೂ ಇದನ್ನು ಬಿಡಿಸುವುದು ಸುಲಭವಲ್ಲ. ಇಂಜೆಕ್ಷನ್ ಕೊಟ್ಟವರದು ಇದರಲ್ಲಿ ತಪ್ಪಿಲ್ಲ. ಕೆಟ್ಟದ್ದೆಲ್ಲ ಬಾತ್‌ರೂಮಿನ ಕನ್ನಡಿ ಮುಂದೆ ಕೆಟ್ಟದ್ದು.

ಮೊದಲ ತಪ್ಪು ರೋಲರ್ ಅಲ್ಲ, ಆರನೇ ದಿನ ತೀರ್ಪು ಕೊಟ್ಟದ್ದು. ಬೊಟಾಕ್ಸ್ ನರದ ತುದಿಯಿಂದ ಅಸಿಟೈಲ್‌ಕೋಲಿನ್, ಅಂದರೆ ಸ್ನಾಯುವಿಗೆ ಬಿಗಿಯಾಗು ಎಂದು ಹೇಳುವ ರಾಸಾಯನಿಕ, ಬಿಡುಗಡೆಯಾಗುವುದನ್ನು ತಡೆಯುತ್ತದೆ. ಸ್ನಾಯು ಸಡಿಲಗೊಳ್ಳಲು ಶುರುವಾಗುವುದೇ ಮೂರರಿಂದ ಐದು ದಿನಕ್ಕೆ, ಪೂರ್ತಿ ಪರಿಣಾಮ ಕಾಣುವುದು ಹದಿನಾಲ್ಕನೇ ದಿನದ ಸುಮಾರಿಗೆ. ಫಿಲ್ಲರ್‌ನ ಊತವೂ ಎರಡು ವಾರದವರೆಗೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇರಬಹುದು. ಹದಿನೈದು ದಿನ ತುಂಬುವವರೆಗೆ ಎಡ ಬಲ ಹೋಲಿಸುತ್ತಾ ಕೂರಬೇಡಿ.

ತಿಕ್ಕುವ ಅಭ್ಯಾಸ ಎಲ್ಲಿಂದ ಬಂತು ಎಂದರೆ, ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್ ಎಂಬ ಬೇರೆಯೇ ಬಗೆಯ ಇಂಜೆಕ್ಷನ್ ಇದೆ. ಅದಕ್ಕೆ ದಿನಕ್ಕೆ 5 ಸಲ, ಸಲಕ್ಕೆ 5 ನಿಮಿಷ, 5 ದಿನ ಮಸಾಜ್ ಮಾಡಿ ಎಂದು ವೈದ್ಯರೇ ಹೇಳುತ್ತಾರೆ. ಆ ವಿಡಿಯೋ ನೋಡಿ ಹಯಲುರಾನಿಕ್ ಫಿಲ್ಲರ್ ಹಾಕಿಸಿಕೊಂಡವರೂ ತಿಕ್ಕುತ್ತಾರೆ. ಇದು ಮೆತ್ತನೆಯ ಜೆಲ್, ಹೊಸದರಲ್ಲಿ ಒತ್ತಿದರೆ ಕೂರಿಸಿದ ಜಾಗದಿಂದ ಸರಿಯಬಹುದು. ಬೊಟಾಕ್ಸ್ ಆದ ದಿನವಂತೂ ಹಣೆಗೆ ಕೈ ಹಚ್ಚಲೇಬಾರದು. ಮೊದಲ ನಾಲ್ಕು ಗಂಟೆ ಮಲಗಬೇಡಿ, ಬಗ್ಗಿ ಕೆಲಸ ಮಾಡಬೇಡಿ, ಬಿಗಿಯಾದ ಟೋಪಿ ಬೇಡ, ವ್ಯಾಯಾಮ ಮರುದಿನಕ್ಕಿರಲಿ. ಔಷಧ ರೆಪ್ಪೆ ಎತ್ತುವ ಸ್ನಾಯುವಿನವರೆಗೆ ಹರಡಿದರೆ ಕಣ್ಣು ಅರ್ಧ ಮುಚ್ಚಿದ ಹಾಗೆ ಜೋತುಬೀಳುತ್ತದೆ. ವಾರಗಳಲ್ಲಿ ತಾನಾಗಿ ಸರಿಹೋಗುವಂಥದ್ದೇ. ಅಲ್ಲಿಯವರೆಗೆ ವೈದ್ಯರು 0.5% ಏಪ್ರಾಕ್ಲೋನಿಡಿನ್ ಎಂಬ ಕಣ್ಣಿನ ಹನಿ ಬರೆದುಕೊಟ್ಟರೂ ರೆಪ್ಪೆ ಏಳುವುದು ಒಂದೆರಡು ಮಿ.ಮೀ. ಮಾತ್ರ.

ಇನ್ನು ರೋಲರ್. ನಾಲ್ಕೈದು ಸಲ ಬಳಸಿದ್ದು ಮನೆಯಲ್ಲಿದ್ದರೆ ಹಳೆಯ ನೈಲಾನ್ ಸಾಕ್ಸ್ ಮೇಲೆ ಮೆಲ್ಲಗೆ ಉರುಳಿಸಿ ನೋಡಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಭೂತಗನ್ನಡಿ ಹಿಡಿದು ಆ ಸೂಜಿಯ ತುದಿ ನೋಡಿ, ಗಾಳದ ಹಾಗೆ ಬಾಗಿರುತ್ತದೆ. ಅದು ಚರ್ಮವನ್ನು ಚುಚ್ಚುವುದಿಲ್ಲ, ಹರಿದುಹಾಕುತ್ತದೆ. ಸೂಜಿ ನೆಟ್ಟಗಿದ್ದರೂ ಚಕ್ರ ಉರುಳುವಾಗ ಅದು ಒಂದು ಕೋನದಲ್ಲಿ ಒಳಹೋಗಿ ಇನ್ನೊಂದು ಕೋನದಲ್ಲಿ ಹೊರಬರುತ್ತದೆ, ತೂತು ಅಗಲವಾಗುತ್ತದೆ. ಮುಖದ ಹೊರಚರ್ಮದ ದಪ್ಪ ಸುಮಾರು ಒಂದು ಮಿ.ಮೀ.ಯ ಹತ್ತನೇ ಒಂದು ಭಾಗ. 1 ಮಿ.ಮೀ. ಸೂಜಿ ಅದನ್ನು ದಾಟಿ ರಕ್ತನಾಳ, ನರ ಇರುವ ಒಳಪದರಕ್ಕೆ ಇಳಿಯುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದರೆ ಕ್ರಿಮಿ ಕಡಿಮೆಯಾಗುತ್ತವೆ, ಸೂಜಿಯ ಬುಡದಲ್ಲಿ ಒಣಗಿದ ರಕ್ತ ಹಾಗೇ ಉಳಿಯುತ್ತದೆ. ಕೆಳಗೆ ಫಿಲ್ಲರ್ ಇದ್ದಲ್ಲಿಗೆ ಹೀಗೆ ಕ್ರಿಮಿ ಇಳಿಸಿದರೆ ಸೋಂಕು ಗುಣವಾಗುವುದು ಕಷ್ಟ, ಫಿಲ್ಲರ್ ಮೇಲೆ ಕ್ರಿಮಿಗಳು ಪದರ ಕಟ್ಟಿಕೊಂಡು ಕೂರುತ್ತವೆ.

ಆ ತೂತುಗಳ ಮೇಲೆ ವಿಟಮಿನ್ ಸಿ ಸುರಿದದ್ದು ಇನ್ನೂ ದೊಡ್ಡ ತಪ್ಪು. ಚರ್ಮದ ಮೇಲೆ ಹಚ್ಚಲು ಮಾಡಿದ ಸೀರಮ್ ಸ್ಟೆರೈಲ್, ಅಂದರೆ ಪೂರ್ತಿ ಕ್ರಿಮಿರಹಿತ, ಅಲ್ಲ. ವಿಟಮಿನ್ ಸಿಯ ಶುದ್ಧ ರೂಪವಾದ ಎಲ್-ಆಸ್ಕಾರ್ಬಿಕ್ ಆಸಿಡ್ ಇರುವುದಾದರೆ ಪಿಎಚ್ ಸಾಮಾನ್ಯವಾಗಿ 3.5ಕ್ಕಿಂತ ಕೆಳಗೆ, ಅಂದರೆ ಹುಳಿ ಜಾಸ್ತಿ, ಜೊತೆಗೆ ಸುಗಂಧ, ಪ್ರಿಸರ್ವೇಟಿವ್. ಇವು ಒಳಪದರ ಸೇರಿದರೆ ದೇಹ ಅದನ್ನು ಪರಕೀಯ ವಸ್ತುವೆಂದು ಸುತ್ತುಗಟ್ಟಿ ಗಂಟು ಮಾಡುತ್ತದೆ, ವೈದ್ಯರ ಮಾತಿನಲ್ಲಿ ಗ್ರಾನುಲೋಮಾ. ಸೂಜಿ ಚುಚ್ಚಿಸಿಕೊಂಡು ಮೇಲೆ ಇಂಥವನ್ನು ಹಚ್ಚಿಸಿಕೊಂಡ ಮೂವರು ಮಹಿಳೆಯರ ಮುಖದಲ್ಲಿ ಹೀಗಾದದ್ದು 2014ರ ವೈದ್ಯಕೀಯ ವರದಿಯಲ್ಲಿದೆ.

ಸೂಜಿಯಿಲ್ಲದೆ ಒತ್ತಡದಿಂದಲೇ ಫಿಲ್ಲರ್ ತುಂಬುವ ‘ಹಯಲುರಾನ್ ಪೆನ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ.

ಐಸ್ ವಿಷಯದಲ್ಲಿ ಮಾತ್ರ ನಿಧಾನವಾಗಿ ಓದಿ. ಊತಕ್ಕೆ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಐಸ್ ಇಡುವುದು ಸರಿ. ಆದರೆ ಫಿಲ್ಲರ್ ಹಾಕಿದ ಜಾಗ ಬಿಳಿಚಿಕೊಂಡರೆ, ಬಲೆ ಹಾಸಿದಂತೆ ನೀಲಿ-ನೇರಳೆ ಗೆರೆ ಮೂಡಿದರೆ, ಗಂಟೆ ಕಳೆದಂತೆ ನೋವು ಹೆಚ್ಚುತ್ತಿದ್ದರೆ ಐಸ್ ಬೇಡ. ಜೆಲ್ ರಕ್ತನಾಳವನ್ನು ಮುಚ್ಚಿರಬಹುದು, ತಂಪು ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಬೆರಳಿನಿಂದ ಐದು ಸೆಕೆಂಡ್ ಒತ್ತಿ ಬಿಡಿ; ಎರಡು ಮೂರು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಕಪ್ಪು ಚರ್ಮದಲ್ಲಿ ಬಿಳಿಚಿದ್ದು ಸುಲಭಕ್ಕೆ ಕಾಣುವುದಿಲ್ಲ, ಇನ್ನೊಂದು ಕೆನ್ನೆಯ ಜೊತೆ ಹೋಲಿಸಿ. ತುಟಿಗೆ ಹಾಕಿಸಿದ್ದರೆ ತುಟಿಯ ಒಳಭಾಗ ಒತ್ತಿ ನೋಡಿ. ಮರಳುವುದು ತಡವಾದರೆ ಬೆಳಗಾಗಲಿ ಎಂದು ಕಾಯಬೇಡಿ, ಇಂಜೆಕ್ಷನ್ ಕೊಟ್ಟವರಿಗೆ ಆಗಲೇ ಫೋನ್ ಮಾಡಿ. ದೃಷ್ಟಿ ಮಂಜಾದರೆ, ಕಣ್ಣು ನೋವೆದ್ದರೆ ಫೋನ್ ಕೂಡ ಬೇಡ, ನೇರ ತುರ್ತು ಚಿಕಿತ್ಸಾ ಘಟಕ.

ಎರಡು ಚಿಕಿತ್ಸೆಗಳ ನಡುವೆ ಹಾಗಾದರೆ ಮಾಡುವುದೇನು? ನಿರಾಸೆಯಾಗುವಷ್ಟು ಕಡಿಮೆ. ಸೌಮ್ಯವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು, ಒರೆಸುವಾಗ ಟವೆಲ್ ಒತ್ತಿ ತೆಗೆಯುವುದು, ಸೆರಮೈಡ್ (ಚರ್ಮದಲ್ಲೇ ಇರುವ ಬಗೆಯ ಕೊಬ್ಬು) ಇರುವ ಸುಗಂಧವಿಲ್ಲದ ಮಾಯಿಶ್ಚರೈಸರ್. ಮೇಕಪ್ ಮರುದಿನದಿಂದ, ಅದೂ ತೊಳೆದ ಬ್ರಶ್‌ನಲ್ಲಿ. ಫೇಶಿಯಲ್, ಸ್ಟೀಮ್, ಸೌನಾ, ಮುಖದ ಮಸಾಜ್ ಎರಡು ವಾರ ಬಿಟ್ಟು. ಫಿಲ್ಲರ್ ಆಗಿದ್ದರೆ ಹಲ್ಲು ಕ್ಲೀನ್ ಮಾಡಿಸುವುದನ್ನೂ ಅಷ್ಟು ದಿನ ಮುಂದೂಡಿ, ಬಾಯಿಯ ಕ್ರಿಮಿ ರಕ್ತಕ್ಕೆ ಸೇರುತ್ತವೆ.

ಸನ್‌ಸ್ಕ್ರೀನ್‌ನಲ್ಲಿ ಎಲ್ಲರೂ ಜಿಪುಣರು. ಮುಖ, ಕತ್ತು ಎರಡಕ್ಕೂ ಸೇರಿ ತೋರುಬೆರಳು ಮತ್ತು ನಡುಬೆರಳ ಉದ್ದಕ್ಕೆ ಹಿಂಡಿದ ಎರಡು ಗೆರೆ ಬೇಕು. ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣದ ಸುಮಾರು 97%, 50 ಸುಮಾರು 98% ತಡೆಯುತ್ತದೆ ಎನ್ನುವುದು ಚದರ ಸೆಂ.ಮೀ.ಗೆ 2 ಮಿ.ಗ್ರಾಂ. ಹಚ್ಚಿದ ಲೆಕ್ಕ. ಕಡಲೆಕಾಳಿನಷ್ಟು ತೆಗೆದು ಮುಖವೆಲ್ಲ ಸವರಿದವರಿಗೆ ಆ ಲೆಕ್ಕ ಸಿಗುವುದಿಲ್ಲ. ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೇಗ ಕಪ್ಪು ಕಲೆ ಬೀಳುವ ಚರ್ಮವಾದರೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಆಯ್ದುಕೊಳ್ಳಿ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಲೆ ಕಪ್ಪಾಗುತ್ತದೆ.

ಸುಕ್ಕು, ಕಲೆಗೆ ರಾತ್ರಿ ಹಚ್ಚುವ ರೆಟಿನಾಲ್ ಬಳಸುವವರು ಬೊಟಾಕ್ಸ್ ಮಾತ್ರವಾದರೆ ಒಂದೆರಡು ದಿನ, ಫಿಲ್ಲರ್ ಆದರೆ ಚುಚ್ಚಿದ ಗುರುತು ಮಾಯ್ದು ಮೂರು ದಿನವಾದರೂ ಬಿಡಿ. ವೈದ್ಯರು ಹೆಚ್ಚು ದಿನ ಹೇಳಿದ್ದರೆ ಅದೇ ಲೆಕ್ಕ. ಮತ್ತೆ ಶುರುಮಾಡುವಾಗ ಬಟಾಣಿ ಗಾತ್ರ, ಇಡೀ ಮುಖಕ್ಕೆ, ವಾರಕ್ಕೆ ಎರಡು ರಾತ್ರಿ. ಅದೇ ರಾತ್ರಿ ಗ್ಲೈಕಾಲಿಕ್ ಬೇಡ. ಗರ್ಭಿಣಿಯರಿಗೆ ರೆಟಿನಾಲೇ ಬೇಡ.

ಮುಖ ಈಗಾಗಲೇ ಸುಟ್ಟ ಹಾಗಾಗಿದ್ದರೆ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಬಿಟ್ಟು ಎಲ್ಲವನ್ನೂ ನಿಲ್ಲಿಸಿ, ಚರ್ಮರೋಗ ತಜ್ಞರಿಗೆ ತೋರಿಸಿ. ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಇರುವ ಕ್ರೀಮ್ ಅನ್ನು ನೀವಾಗಿಯೇ ಹಚ್ಚಲು ಹೋಗಬೇಡಿ. ಕೆಂಪು ಬೇಗ ಇಳಿಯುತ್ತದೆ, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಮರಳುತ್ತದೆ, ಬಿಡದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಹೋಗುವಾಗ ಹಚ್ಚಿದ ಬಾಟಲಿಗಳನ್ನೂ ರೋಲರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ನಾಚಿಕೆಪಟ್ಟು ರೋಲರ್ ವಿಷಯ ಮುಚ್ಚಿಟ್ಟರೆ ಅವರು ಫಿಲ್ಲರ್‌ನ ತಪ್ಪು ಹುಡುಕುತ್ತಾ ಕೂರುತ್ತಾರೆ.

ಫಿಲ್ಲರ್ ಸಿರಿಂಜಿನ ಪ್ಯಾಕ್‌ನಲ್ಲಿ ಹೆಸರು, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ಹಾಕಿಸಿಕೊಂಡ ದಿನವೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಹಯಲುರಾನಿಕ್ ಜೆಲ್ ಆದರೆ ಹಯಲುರೊನಿಡೇಸ್ ಎಂಬ ಇಂಜೆಕ್ಷನ್‌ನಿಂದ ಕರಗಿಸಬಹುದು. ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್ ಎಂಬ ಇನ್ನೊಂದು ಬಗೆಯ ಫಿಲ್ಲರ್ ಆಗಿದ್ದರೆ ಅದು ಈ ಇಂಜೆಕ್ಷನ್‌ಗೆ ಕರಗುವುದಿಲ್ಲ. ತುರ್ತಿನಲ್ಲಿ ವೈದ್ಯರು ಮೊದಲು ಕೇಳುವುದೇ ಒಳಗಿರುವುದು ಯಾವುದು ಎಂದು.